ಕೈಬಿಡಲು ಕಾರಣಗಳಿದ್ದ ಮಾತ್ರೆ

ಫಿಲಡೆಲ್ಫಿಯಾದ ಸೂಕ್ಷ್ಮದರ್ಶಕದಡಿ 1960ರಲ್ಲಿ ಕಂಡ ಒಂದು ಸುಳಿವು ಕ್ಯಾನ್ಸರ್ ಔಷಧವಾಗಿ ಮಾರುಕಟ್ಟೆಗೆ ಬಂದದ್ದು 2001ರಲ್ಲಿ. ನಡುವಿನ 41 ವರ್ಷಗಳಲ್ಲಿ ‘ಇನ್ನು ಸಾಕು’ ಎನ್ನಲು ಬೇಕಾದಷ್ಟು ಕಾರಣಗಳಿದ್ದವು. ಆದರೂ ಇಮಾಟಿನಿಬ್ ಉಳಿದುಕೊಂಡದ್ದು ಹೇಗೆ?

ಇಮಾಟಿನಿಬ್ ಮಾತ್ರೆಯನ್ನು ಇವತ್ತು ಯಾರೂ ಬೆರಗಿನಿಂದ ನೋಡುವುದಿಲ್ಲ. ಸಾಮಾನ್ಯವಾಗಿ ದಿನಕ್ಕೆ 400 ಮಿಲಿಗ್ರಾಂ. ಊಟದ ಜೊತೆ, ದೊಡ್ಡ ಲೋಟದ ತುಂಬ ನೀರು ಕುಡಿದು ನುಂಗಬೇಕು. ಇದನ್ನು ಕೊಡುವುದು ಮುಖ್ಯವಾಗಿ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ಗೆ. ವೈದ್ಯರು ಚಿಕ್ಕದಾಗಿ ಸಿಎಂಎಲ್ ಎನ್ನುತ್ತಾರೆ. ಆ ಕಾಯಿಲೆಯವರು ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗಳ ಹೊರರೋಗಿ ವಿಭಾಗಕ್ಕೆ ಬರುತ್ತಾರೆ, ರಕ್ತ ಕೊಡುತ್ತಾರೆ, ವರದಿ ತೋರಿಸುತ್ತಾರೆ, ಮುಂದಿನ ಕಂತಿನ ಮಾತ್ರೆ ಹಿಡಿದು ಊರಿನ ಬಸ್ಸು ಹತ್ತುತ್ತಾರೆ. ಪಶ್ಚಿಮದ ದೇಶಗಳಲ್ಲಿ ಅರವತ್ತರ ಆಸುಪಾಸಿನವರಲ್ಲಿ ಹೆಚ್ಚಾಗಿ ಕಾಣುವ ಈ ಕಾಯಿಲೆ ನಮ್ಮಲ್ಲಿ ಮೂವತ್ತು, ನಲವತ್ತರ ಪ್ರಾಯದವರನ್ನೇ ಹೆಚ್ಚಾಗಿ ಹಿಡಿಯುತ್ತದೆ. ಮನೆಯ ದುಡಿಮೆ ನಿಂತಿರುವುದೇ ಆ ವಯಸ್ಸಿನವರ ಮೇಲೆ.

ಈ ಮಾತ್ರೆ ಬರುವ ಮುಂಚೆ ಸಿಎಂಎಲ್ ಎಂದರೆ ಗಡುವು ಕೊಟ್ಟ ಕಾಯಿಲೆ. ಬಿಳಿ ರಕ್ತಕಣಗಳು ಮಿತಿಮೀರಿ ಏರುತ್ತಿದ್ದವು, ಗುಲ್ಮ ಊದಿಕೊಂಡು ಎಡಹೊಟ್ಟೆ ಗಟ್ಟಿಯಾಗುತ್ತಿತ್ತು. ಹೈಡ್ರಾಕ್ಸಿಯೂರಿಯಾ ಮಾತ್ರೆ ಕಣಗಳ ಎಣಿಕೆಯನ್ನು ತಗ್ಗಿಸುತ್ತಿತ್ತೇ ಹೊರತು ಕಾಯಿಲೆಯ ನಡೆಯನ್ನು ತಡೆಯುತ್ತಿರಲಿಲ್ಲ. ಇಂಟರ್‌ಫೆರಾನ್ ಚುಚ್ಚುಮದ್ದಿನಿಂದ ಕೆಲವರಿಗೆ ಗುಣ ಸಿಕ್ಕರೂ ಜ್ವರ, ಮೈಕೈ ನೋವು, ಖಿನ್ನತೆ ಜೊತೆಗೇ ಬರುತ್ತಿದ್ದವು. ಒಡಹುಟ್ಟಿದವರ ಅಸ್ಥಿಮಜ್ಜೆ ಹೊಂದಿಕೆಯಾದರೆ ಕಸಿ ಮಾಡಬಹುದಿತ್ತು. ಅದರಲ್ಲೂ ಜೀವಕ್ಕೆ ಅಪಾಯ. ಉಳಿದವರಲ್ಲಿ ಹೆಚ್ಚಿನವರ ಕಾಯಿಲೆ ಕೆಲವೇ ವರ್ಷಗಳಲ್ಲಿ ತೀವ್ರ ಹಂತಕ್ಕೆ ಹೊರಳುತ್ತಿತ್ತು.

ಹೊಸ ಔಷಧದ ಕಥೆಯನ್ನು ನಾವು ಸಾಮಾನ್ಯವಾಗಿ ಒಬ್ಬ ವಿಜ್ಞಾನಿ, ಒಂದು ಪ್ರಯೋಗಾಲಯ, ಒಂದು ಶುಭಗಳಿಗೆ ಎಂದು ಮುಗಿಸಿಬಿಡುತ್ತೇವೆ. ಇಮಾಟಿನಿಬ್‌ನ ದಾಖಲೆಗಳನ್ನು ಓದಿದರೆ ಬೇರೆಯದೇ ಚಿತ್ರ ಸಿಗುತ್ತದೆ. ಇದನ್ನು ಕೈಬಿಡಬೇಕೆಂದವರು ಮೂರ್ಖರಾಗಿರಲಿಲ್ಲ; ಅವರ ಕಾರಣಗಳು ಅಂದಿನ ತಿಳಿವಳಿಕೆಗೆ ತಕ್ಕಂತೆಯೇ ಇದ್ದವು. ಮಾನವ ಪ್ರಯೋಗಕ್ಕೆ ಇಳಿದ ಕ್ಯಾನ್ಸರ್ ಔಷಧಗಳಲ್ಲಿ ಕೊನೆಗೆ ಅನುಮತಿ ಪಡೆಯುವುದು ಇಪ್ಪತ್ತಕ್ಕೆ ಒಂದರಷ್ಟು. ಅಂದರೆ ‘ಬೇಡ’ ಎನ್ನುವವರ ಮಾತೇ ಬಹಳಷ್ಟು ಸಲ ನಿಜವಾಗುತ್ತದೆ. ಹಾಗಿರುವಾಗ ಆ ಒಂದನ್ನು ಉಳಿದ ಹತ್ತೊಂಬತ್ತರಿಂದ ಬೇರ್ಪಡಿಸಿ ಉಳಿಸಿಕೊಳ್ಳುವುದು ಹೇಗೆ ಎಂಬುದೇ ಔಷಧ ಸಂಶೋಧನೆಯ ತಿರುಳು.

ನಲ್ಲಿ ನೀರಿನ ಉಪಕಾರ

1950ರ ದಶಕದ ಕೊನೆಯಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪೀಟರ್ ನೋವೆಲ್ ರಕ್ತದ ಕ್ಯಾನ್ಸರ್ ಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಬೆಳೆಸಿ, ನಲ್ಲಿ ನೀರಿನಲ್ಲಿ ತೊಳೆದು ಬಣ್ಣ ಹಾಕಿದರು. ನೀರು ಹೀರಿ ಕೋಶಗಳು ಉಬ್ಬಿದವು, ಒಳಗಿನ ವರ್ಣತಂತುಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಹರಡಿಕೊಂಡವು. ವರ್ಣತಂತುಗಳ ಬಗ್ಗೆ ನೋವೆಲ್‌ಗೆ ಹೆಚ್ಚು ಗೊತ್ತಿರಲಿಲ್ಲ. ಗೊತ್ತಿದ್ದ ಸಂಶೋಧನಾ ವಿದ್ಯಾರ್ಥಿ ಡೇವಿಡ್ ಹಂಗರ್‌ಫರ್ಡ್ ಅದೇ ಊರಿನಲ್ಲಿದ್ದರು. ಸಿಎಂಎಲ್ ರೋಗಿಗಳ ಕೋಶಗಳಲ್ಲಿ ಒಂದು ವರ್ಣತಂತು ಇರಬೇಕಾದ್ದಕ್ಕಿಂತ ಬಹಳ ಗಿಡ್ಡವಾಗಿರುವುದು ಇಬ್ಬರ ಕಣ್ಣಿಗೆ ಬಿತ್ತು. 1960ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಕಿರು ಟಿಪ್ಪಣಿ ಬಂತು. ಆ ಗಿಡ್ಡ ವರ್ಣತಂತುವಿಗೆ ಊರಿನ ಹೆಸರೇ ಉಳಿಯಿತು: ಫಿಲಡೆಲ್ಫಿಯಾ ಕ್ರೋಮೋಸೋಮ್.

ಆಗಿನ ಬಹುತೇಕ ಪಂಡಿತರು ಇದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. ಕ್ಯಾನ್ಸರ್ ಕೋಶದಲ್ಲಿ ವರ್ಣತಂತುಗಳು ಚೆಲ್ಲಾಪಿಲ್ಲಿಯಾಗುವುದು ಕಾಯಿಲೆಯ ಫಲ, ಕಾರಣವಲ್ಲ ಎಂಬುದು ಅವರ ನಂಬಿಕೆ. ಆ ನಂಬಿಕೆಯನ್ನು ಅಲುಗಿಸಿದವರು ಷಿಕಾಗೊ ವಿಶ್ವವಿದ್ಯಾಲಯದ ಜಾನೆಟ್ ರೌಲಿ. ನಾಲ್ವರು ಗಂಡುಮಕ್ಕಳ ತಾಯಿ, ಬಹುಕಾಲ ಅರೆಕಾಲಿಕವಾಗಿ ದುಡಿದವರು. ವರ್ಣತಂತುಗಳ ಫೋಟೊಗಳನ್ನು ಮನೆಯ ಊಟದ ಮೇಜಿನ ಮೇಲೆ ಕತ್ತರಿಸಿ ಜೋಡಿಸುತ್ತಿದ್ದರೆ ಮಕ್ಕಳು ‘ಅಮ್ಮ ಕಾಗದದ ಬೊಂಬೆ ಆಡುತ್ತಿದ್ದಾಳೆ’ ಎಂದು ತಮಾಷೆ ಮಾಡುತ್ತಿದ್ದರಂತೆ. ಹೊಳೆಯುವ ಬಣ್ಣದಿಂದ ವರ್ಣತಂತುಗಳ ಮೇಲೆ ಪಟ್ಟೆ ಮೂಡಿಸುವ ವಿಧಾನ ಆಗಷ್ಟೇ ಬಂದಿತ್ತು. ಅದನ್ನು ಬಳಸಿ ರೌಲಿ 1973ರಲ್ಲಿ ತೋರಿಸಿದ್ದು ಇಷ್ಟು: ಗಿಡ್ಡವಾದ 22ನೇ ವರ್ಣತಂತುವಿನ ತುಂಡು ಕಳೆದುಹೋಗಿಲ್ಲ, ಅದು 9ನೆಯದರ ತುದಿಗೆ ಹೋಗಿ ಕೂತಿದೆ. ಒಬ್ಬರಾದ ಮೇಲೊಬ್ಬ ರೋಗಿಯಲ್ಲಿ ಅದೇ ಅದಲುಬದಲು. ಕಾಯಿಲೆಯಿಂದಾದ ಗಲಿಬಿಲಿ ಇಷ್ಟು ಕ್ರಮಬದ್ಧವಾಗಿ ಇರಲಾರದು.

1980ರ ದಶಕದಲ್ಲಿ ಉಳಿದ ಕೊಂಡಿಗಳು ಕೂಡಿಕೊಂಡವು. ಅದಲುಬದಲಾದ ಜಾಗದಲ್ಲಿ ಬಿಸಿಆರ್ ಮತ್ತು ಎಬಿಎಲ್ ಎಂಬ ಎರಡು ಜೀನುಗಳು ಬೆಸೆದುಕೊಂಡು ದೇಹದಲ್ಲಿ ಎಂದೂ ಇಲ್ಲದ ಒಂದು ಪ್ರೋಟೀನು ತಯಾರಾಗುತ್ತಿತ್ತು. ಎಬಿಎಲ್ ಸಹಜವಾಗಿ ಒಂದು ಕೈನೇಸ್. ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ ‘ವಿಭಜನೆಯಾಗು’ ಎಂಬ ಸಂದೇಶ ದಾಟಿಸುವ ಕೆಲಸ ಅದರದು. ಸಂದೇಶ ದಾಟಿದ ಮೇಲೆ ಅದು ತೆಪ್ಪಗಾಗಬೇಕು. ಬಿಸಿಆರ್ ಜೊತೆ ಬೆಸೆದುಕೊಂಡದ್ದು ತೆಪ್ಪಗಾಗುವುದೇ ಇಲ್ಲ. ಎಳೆ ಸವೆದ ನಲ್ಲಿಯನ್ನು ಎಷ್ಟು ತಿರುಗಿಸಿದರೂ ನೀರು ಸುರಿಯುತ್ತಲೇ ಇರುವಂತೆ, ಅಸ್ಥಿಮಜ್ಜೆ ಬಿಳಿಕಣಗಳನ್ನು ಹೊರಹಾಕುತ್ತಲೇ ಇರುತ್ತದೆ. 1990ರಲ್ಲಿ ಡೇವಿಡ್ ಬಾಲ್ಟಿಮೋರ್ ತಂಡ ಈ ಬೆಸುಗೆ ಜೀನನ್ನು ಇಲಿಗಳ ಮಜ್ಜೆಗೆ ಸೇರಿಸಿದಾಗ ಅವುಗಳಿಗೂ ಸಿಎಂಎಲ್‌ನಂಥದೇ ಕಾಯಿಲೆ ಬಂತು. ಮೂವತ್ತು ವರ್ಷಗಳ ವಾದಕ್ಕೆ ಅಲ್ಲಿ ತೆರೆ ಬಿತ್ತು. ಕಾರಣ ಸಿಕ್ಕಿತ್ತು, ಅದೂ ಒಂದೇ ಒಂದು ಪ್ರೋಟೀನು.

ಬಾಸೆಲ್‌ನ ರಸಾಯನ

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಸೀಬಾ-ಗೈಗಿ ಕಂಪನಿಯಲ್ಲಿ ಅಲೆಕ್ಸ್ ಮ್ಯಾಟರ್ ಮತ್ತು ನಿಕ್ ಲೈಡನ್ ಕೈನೇಸ್‌ಗಳನ್ನು ತಡೆಯುವ ಅಣುಗಳನ್ನು ಹುಡುಕುತ್ತಿದ್ದರು. ಇಲ್ಲಿ ಎದುರಾಯಿತು ಮೊದಲ ಗಟ್ಟಿ ಆಕ್ಷೇಪ. ಮನುಷ್ಯನ ದೇಹದಲ್ಲಿ ಐನೂರಕ್ಕೂ ಹೆಚ್ಚು ಕೈನೇಸ್‌ಗಳಿವೆ. ಎಲ್ಲವೂ ಎಟಿಪಿ ಎಂಬ ಒಂದೇ ಅಣುವಿನಿಂದ ಫಾಸ್ಫೇಟ್ ತೆಗೆದುಕೊಳ್ಳುತ್ತವೆ; ಆ ಅಣು ಬಂದು ಕೂರುವ ಕುಳಿಯೂ ಎಲ್ಲದರಲ್ಲಿ ಹೆಚ್ಚುಕಡಿಮೆ ಒಂದೇ ಥರ. ಒಂದರ ಕುಳಿ ಮುಚ್ಚುವ ಔಷಧ ನೂರಾರು ಕುಳಿ ಮುಚ್ಚಿ ರೋಗಿಯನ್ನೇ ಕೊಂದರೆ? ಬಲ್ಲವರ ಈ ಪ್ರಶ್ನೆಗೆ ಅಂದು ಉತ್ತರವಿರಲಿಲ್ಲ.

ಉತ್ತರ ಬಂದದ್ದು ರಸಾಯನಶಾಸ್ತ್ರಜ್ಞ ಯೂರ್ಗ್ ಸಿಮ್ಮರ್‌ಮನ್ ಅವರ ಮೇಜಿನಿಂದ. ಪ್ರೋಟೀನ್ ಕೈನೇಸ್-ಸಿ ಎಂಬ ಬೇರೆಯೇ ಕೈನೇಸನ್ನು ತಡೆಯುತ್ತಿದ್ದ ಒಂದು ಸಾಧಾರಣ ಅಣುವಿನಿಂದ ಅವರು ಶುರುಮಾಡಿದರು. ಒಂದು ಕಡೆ ಬೆಂಜಮೈಡ್ ಗುಂಪು ಸೇರಿಸಿದಾಗ ಎಬಿಎಲ್ ಜಾತಿಯ ಕೈನೇಸ್‌ಗಳನ್ನು ತಡೆಯುವ ಗುಣ ಬಂತು. ಇನ್ನೊಂದು ಮೂಲೆಗೆ ಒಂದೇ ಒಂದು ಮೀಥೈಲ್ ಅಂಟಿಸಿದರು. ಪ್ರೋಟೀನ್ ಕೈನೇಸ್-ಸಿಯನ್ನು ತಡೆಯುವ ಹಳೆಯ ಗುಣ ಮಾಯವಾಯಿತು. ನೀರಿನಲ್ಲಿ ಕರಗಲಿ, ಬಾಯಿಂದ ನುಂಗಿದರೆ ರಕ್ತಕ್ಕೆ ಸೇರಲಿ ಎಂದು ಪಿಪರಜೀನ್ ಬಾಲ ಹಚ್ಚಿದರು. ಎಲಿಸಬೆತ್ ಬುಕ್‌ಡುಂಗರ್ ಪ್ರತಿ ಹೊಸ ಅಣುವನ್ನೂ ಜೀವಕೋಶಗಳ ಮೇಲೆ ಪರೀಕ್ಷಿಸಿ ನೋಡುತ್ತಿದ್ದರು. ಅಣು ಅಷ್ಟು ಆಯ್ದು ಕೆಲಸ ಮಾಡಲು ಕಾರಣವೇನೆಂದು ಜಾನ್ ಕುರಿಯನ್ ತಂಡ 2000ರಲ್ಲಿ ತೋರಿಸಿತು. ಕೆಲಸದಲ್ಲಿರುವಾಗ ಎಲ್ಲ ಕೈನೇಸ್‌ಗಳ ಕುಳಿಯೂ ಒಂದೇ ಥರ. ವಿಶ್ರಾಂತಿಯಲ್ಲಿರುವಾಗ ಅವುಗಳ ಆಕಾರ ಬೇರೆಬೇರೆ. ಈ ಅಣು ಎಬಿಎಲ್‌ನ ವಿಶ್ರಾಂತಿಯ ಭಂಗಿಯನ್ನು ಹಿಡಿದು ಅದನ್ನು ಹಾಗೆಯೇ ಕೂರಿಸಿಬಿಡುತ್ತಿತ್ತು. ಹಾಗೆಂದು ಬಾಸೆಲ್‌ನವರಿಗೆ ಆಗ ತಿಳಿದಿರಲಿಲ್ಲ. ಪರೀಕ್ಷೆಯಲ್ಲಿ ಕಂಡದ್ದನ್ನು ನಂಬಿ ಮುಂದೆ ಹೋದರು.

ಈ ಅಣುಗಳನ್ನು ಸಿಎಂಎಲ್ ಕೋಶಗಳ ಮೇಲೆ ಹಾಕಿ ನೋಡೋಣ ಎಂದು ಹಟ ಹಿಡಿದವರು ವೈದ್ಯ ಬ್ರಯನ್ ಡ್ರೂಕರ್. 1993ರಲ್ಲಿ ಬಾಸ್ಟನ್ ಬಿಟ್ಟು ಪೋರ್ಟ್‌ಲೆಂಡಿಗೆ ಬಂದ ಅವರು ಲೈಡನ್‌ರನ್ನು ಸಂಪರ್ಕಿಸಿ ಅಣುಗಳನ್ನು ತರಿಸಿಕೊಂಡರು. ಅವುಗಳಲ್ಲೊಂದು ಎದ್ದು ಕಂಡಿತು. 1996ರ ಪ್ರಬಂಧದ ಪ್ರಕಾರ ರೋಗಿಗಳ ಮಜ್ಜೆಯಿಂದ ಬೆಳೆಸಿದ ಕ್ಯಾನ್ಸರ್ ಕೋಶಗುಚ್ಛಗಳು 92ರಿಂದ 98 ಪ್ರತಿಶತ ಇಳಿದವು. ಆರೋಗ್ಯವಂತ ಕೋಶಗಳಿಗೆ ಧಕ್ಕೆಯಾಗಲಿಲ್ಲ. ಆ ಅಣುವಿಗೆ ಆಗ ಇದ್ದದ್ದು ಸಂಕೇತಸಂಖ್ಯೆ ಮಾತ್ರ. ಮುಂದೆ ಅದೇ ಎಸ್‌ಟಿಐ-571 ಆಯಿತು, ಆಮೇಲೆ ಇಮಾಟಿನಿಬ್.

ನಾಯಿಗಳ ಯಕೃತ್ತು, ಲೆಕ್ಕಿಗರ ಪುಸ್ತಕ

ಅದೇ 1996ರಲ್ಲಿ ಸೀಬಾ-ಗೈಗಿ ಮತ್ತು ಸ್ಯಾಂಡೋಜ್ ಒಂದಾಗಿ ನೋವಾರ್ಟಿಸ್ ಹುಟ್ಟಿತು. ಹೊಸ ಕಂಪನಿಯಲ್ಲಿ ಹಳೆಯ ಯೋಜನೆಗಳೆಲ್ಲ ಮತ್ತೆ ತಕ್ಕಡಿಗೆ ಬಂದವು. ರಕ್ತನಾಳಕ್ಕೆ ಕೊಡುವ ರೂಪವನ್ನು ನಾಯಿಗಳ ಮೇಲೆ ಪರೀಕ್ಷಿಸಿದಾಗ ನಳಿಕೆಯ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಾಯಿಯ ಮೂಲಕ ಕೊಡುವ ರೂಪಕ್ಕೆ ಹೊರಳಿದರೆ, ಹೆಚ್ಚಿನ ಪ್ರಮಾಣದಲ್ಲಿ ನಾಯಿಗಳ ಯಕೃತ್ತಿಗೆ ಪೆಟ್ಟಾಯಿತು. ವಿಷಪರೀಕ್ಷೆ ಮಾಡುವವರು ಹಿಂಜರಿದದ್ದು ಸಹಜವೇ. ಆ ಪರೀಕ್ಷೆ ಇರುವುದೇ ಹಿಂಜರಿಯುವ ಕಾರಣಗಳನ್ನು ಹುಡುಕಲು.

ಮಾರಾಟ ವಿಭಾಗದ ತರ್ಕ ಇನ್ನೂ ಸರಳ. ಅಮೆರಿಕದಲ್ಲಿ ಆಗ ಸಿಎಂಎಲ್ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 5,000 ಮಂದಿಗೆ. ಔಷಧವೊಂದನ್ನು ಮಾರುಕಟ್ಟೆಗೆ ತರಲು ಕೋಟ್ಯಂತರ ಡಾಲರ್ ಸುರಿಯಬೇಕು, ಅಷ್ಟು ಕಡಿಮೆ ಜನರಿಂದ ಅದು ಹುಟ್ಟುವುದೆಲ್ಲಿ? ಅವರು ಲೆಕ್ಕಕ್ಕೆ ಹಿಡಿಯದ ಅಂಶವೊಂದಿತ್ತು. ಔಷಧ ಫಲಿಸಿದರೆ ರೋಗಿ ಬದುಕುತ್ತಾನೆ, ಬದುಕಿದಷ್ಟು ವರ್ಷ ಮಾತ್ರೆ ಕೊಳ್ಳುತ್ತಾನೆ. ಮುಂದೆ ಇದೇ ಗ್ಲಿವೆಕ್ ಎಂಬ ಹೆಸರಿನಲ್ಲಿ ಕಂಪನಿಯ ಅತಿ ಹೆಚ್ಚು ಗಳಿಕೆಯ ಔಷಧಗಳಲ್ಲಿ ಒಂದಾಯಿತು.

ಲೈಡನ್ 1997ರಲ್ಲಿ ಕಂಪನಿ ಬಿಟ್ಟರು. ಡ್ರೂಕರ್ ಮಾತ್ರ ಸುಮ್ಮನಿರಲಿಲ್ಲ: ನಾಯಿಗಳಿಗೆ ಪೆಟ್ಟಾದದ್ದು ಹೆಚ್ಚಿನ ಪ್ರಮಾಣದಲ್ಲಿ, ನಾವು ತೀರ ಕಡಿಮೆಯಿಂದ ಶುರುಮಾಡೋಣ, ಯಕೃತ್ತಿನ ಪರೀಕ್ಷೆ ಬಿಡದೆ ಮಾಡುತ್ತ ಹೋಗೋಣ, ಬೇರೆ ದಾರಿ ಮುಗಿದ ರೋಗಿಗೆ ಈ ಅಪಾಯ ದೊಡ್ಡದಲ್ಲ ಎಂಬುದು ಅವರ ವಾದ. ಆಕ್ಷೇಪವನ್ನು ಅವರು ತಳ್ಳಿಹಾಕಲಿಲ್ಲ, ಪ್ರಯೋಗದ ವಿನ್ಯಾಸದೊಳಗೇ ಅದಕ್ಕೆ ಜಾಗ ಮಾಡಿಕೊಟ್ಟರು. ಹಟಕ್ಕೂ ವಿಜ್ಞಾನಕ್ಕೂ ಗೆರೆ ಬೀಳುವುದು ಇಲ್ಲಿಯೇ.

25 ಮಿಲಿಗ್ರಾಂನಿಂದ ಶುರು

ಮೊದಲ ಹಂತದ ಮಾನವ ಪ್ರಯೋಗ 1998ರ ಜೂನ್‌ನಲ್ಲಿ ಆರಂಭವಾಯಿತು. ಪೋರ್ಟ್‌ಲೆಂಡಿನಲ್ಲಿ ಡ್ರೂಕರ್, ಲಾಸ್ ಏಂಜಲೀಸ್‌ನಲ್ಲಿ ಚಾರ್ಲ್ಸ್ ಸಾಯರ್ಸ್, ಹ್ಯೂಸ್ಟನ್‌ನಲ್ಲಿ ಮೋಶೆ ಟಾಲ್ಪಾಜ್. ಬೇರೆ ಔಷಧಗಳ ಮೊದಲ ಹಂತವನ್ನು ಹೆಚ್ಚಾಗಿ ಆರೋಗ್ಯವಂತ ಸ್ವಯಂಸೇವಕರ ಮೇಲೆ ಮಾಡುತ್ತಾರೆ. ಕ್ಯಾನ್ಸರ್ ಔಷಧಗಳಿಗೆ ಸಾಮಾನ್ಯವಾಗಿ ರೋಗಿಗಳೇ ಬೇಕು. ಈ ಹಂತದ ಪ್ರಶ್ನೆ ಗುಣವಾಗುತ್ತದೆಯೇ ಎಂಬುದಲ್ಲ, ಎಷ್ಟು ಪ್ರಮಾಣವನ್ನು ದೇಹ ತಡೆದುಕೊಳ್ಳುತ್ತದೆ ಎಂಬುದು. ಒಪ್ಪಿಗೆ ಪತ್ರದಲ್ಲಿ ‘ನಿಮಗೆ ಪ್ರಯೋಜನವಾಗದೆ ಇರಬಹುದು’ ಎಂದು ಬರೆದಿರುತ್ತಾರೆ, ಸಾಮಾನ್ಯವಾಗಿ ಆಗುವುದೂ ಇಲ್ಲ.

ಇಂಟರ್‌ಫೆರಾನ್ ಫಲಿಸದ ರೋಗಿಗಳ ಮೊದಲ ಗುಂಪಿಗೆ ದಿನಕ್ಕೆ 25 ಮಿಲಿಗ್ರಾಂ. ತೊಂದರೆಯಾಗದಿದ್ದರೆ ಮುಂದಿನ ಗುಂಪಿಗೆ ಹೆಚ್ಚು, ಅದರ ಮುಂದಿನವರಿಗೆ ಇನ್ನೂ ಹೆಚ್ಚು. ಹೀಗೆ 1,000 ಮಿಲಿಗ್ರಾಂವರೆಗೂ ಏರಿದರು. ವಾಕರಿಕೆ, ಕಣ್ಣಿನ ಸುತ್ತ ಊತ, ಸ್ನಾಯುಸೆಳೆತ ಕಂಡವು, ಆದರೆ ‘ಇನ್ನು ಮೇಲೆ ಹೋಗಬಾರದು’ ಎಂಬ ಗಡಿ ಕಾಣಲಿಲ್ಲ. 300 ಮಿಲಿಗ್ರಾಂ ಅಥವಾ ಹೆಚ್ಚು ಪಡೆದ 54 ಮಂದಿಯಲ್ಲಿ 53 ಮಂದಿಯ ರಕ್ತದ ಎಣಿಕೆ ಪೂರ್ತಿ ಸಹಜಸ್ಥಿತಿಗೆ ಬಂತು. ಹಲವರ ಮಜ್ಜೆಯಲ್ಲಿ ಫಿಲಡೆಲ್ಫಿಯಾ ಕ್ರೋಮೋಸೋಮ್ ಕಡಿಮೆಯಾಗುತ್ತ ಹೋಯಿತು. ಮೊದಲ ಹಂತದಲ್ಲಿ ಇಂಥ ಸಂಖ್ಯೆಯನ್ನು ಕ್ಯಾನ್ಸರ್ ವೈದ್ಯರು ಕಂಡದ್ದೇ ಇಲ್ಲ ಎನ್ನಬೇಕು.

ಸುದ್ದಿ ಇಂಟರ್ನೆಟ್ಟಿನ ಮೂಲಕ ರೋಗಿಗಳಿಂದ ರೋಗಿಗಳಿಗೆ ಹಬ್ಬಿತು. ಆದರೆ ಮಾತ್ರೆ ಸಾಕಷ್ಟು ತಯಾರಾಗುತ್ತಿರಲಿಲ್ಲ. 1999ರಲ್ಲಿ ಕೆನಡಾದ ಒಬ್ಬ ರೋಗಿ ಸಾವಿರಾರು ಸಹಿ ಸಂಗ್ರಹಿಸಿ ನೋವಾರ್ಟಿಸ್ ಮುಖ್ಯಸ್ಥ ಡೇನಿಯಲ್ ವಸೆಲ್ಲಾಗೆ ಮನವಿ ಕಳಿಸಿದರು. ಉತ್ಪಾದನೆ ಏರಿತು. ಎರಡನೇ ಹಂತಕ್ಕೆ ಇಂಟರ್‌ಫೆರಾನ್ ಸೋತ 532 ರೋಗಿಗಳು ಸೇರಿದರು. ಆ ಹಂತದ ಫಲಿತಾಂಶದ ಬಲದ ಮೇಲೆಯೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮೂರು ತಿಂಗಳೊಳಗೆ ಕಡತ ಪರಿಶೀಲಿಸಿ, 2001ರ ಮೇ 10ರಂದು ಅನುಮತಿ ಕೊಟ್ಟಿತು.

ಇಷ್ಟು ಸ್ಪಷ್ಟವಾದ ಮೇಲೆ ಮೂರನೇ ಹಂತ ಏಕೆ ಬೇಕು? ಹೊಸ ರೋಗಿಗೆ ಮೊದಲು ಯಾವುದನ್ನು ಕೊಡಬೇಕೆಂದು ಹೇಳಲು ಅಕ್ಕಪಕ್ಕದ ಹೋಲಿಕೆಯೇ ಬೇಕು. ಐರಿಸ್ ಎಂಬ ಆ ಪ್ರಯೋಗದಲ್ಲಿ 16 ದೇಶಗಳ 1,106 ಹೊಸ ರೋಗಿಗಳನ್ನು ಚೀಟಿ ಎತ್ತಿದ ರೀತಿಯಲ್ಲಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಇಮಾಟಿನಿಬ್, ಇನ್ನೊಂದಕ್ಕೆ ಅಂದಿನ ಉತ್ತಮ ಚಿಕಿತ್ಸೆಯಾಗಿದ್ದ ಇಂಟರ್‌ಫೆರಾನ್ ಮತ್ತು ಸೈಟರಬೀನ್. 18 ತಿಂಗಳಲ್ಲಿ ಮಜ್ಜೆಯ ಪರೀಕ್ಷೆಗೆ ಆ ವರ್ಣತಂತು ಸಿಗದಂತಾದವರು ಮೊದಲ ಗುಂಪಿನಲ್ಲಿ 76 ಪ್ರತಿಶತ, ಎರಡನೆಯದರಲ್ಲಿ 14.5. ಚಿಕಿತ್ಸೆ ಫಲಿಸದಿದ್ದರೆ ಅಥವಾ ತಡೆಯಲಾಗದಿದ್ದರೆ ಗುಂಪು ಬದಲಿಸಲು ಮೊದಲೇ ಅವಕಾಶವಿತ್ತು. ಇಂಟರ್‌ಫೆರಾನ್ ಗುಂಪಿನ ಬಹುತೇಕರು ಹಾಗೆಯೇ ದಾಟಿ ಬಂದರು. ಇದರಿಂದ ಆಯುಸ್ಸಿನ ಹೋಲಿಕೆ ಮಸುಕಾಯಿತು ಎಂದು ಸಂಖ್ಯಾಶಾಸ್ತ್ರಜ್ಞರು ಕೊರಗಬಹುದು. ಆದರೆ ಫಲಿಸುವ ಔಷಧವನ್ನು ಗೊತ್ತಿದ್ದೂ ತಡೆಹಿಡಿಯುವುದು ವೈದ್ಯರಿಗೆ ಸಾಧ್ಯವಿರಲಿಲ್ಲ. ಇಮಾಟಿನಿಬ್ ಗುಂಪಿನಲ್ಲಿ ಹತ್ತು ವರ್ಷ ಬದುಕಿದವರು 83 ಪ್ರತಿಶತ ಎಂದು 2017ರಲ್ಲಿ ವರದಿಯಾಯಿತು.

ಸೋಲು ಕಲಿಸಿದ್ದು

ಗೆಲುವಿನ ನಡುವೆಯೇ ಸೋಲೂ ಕಂಡಿತು. ತೀವ್ರ ಹಂತಕ್ಕೆ ಹೋಗಿದ್ದ ರೋಗಿಗಳು ಮಾತ್ರೆಗೆ ಚೇತರಿಸಿಕೊಂಡು, ಕೆಲವೇ ತಿಂಗಳಲ್ಲಿ ಮತ್ತೆ ಮಲಗುತ್ತಿದ್ದರು. ಸಾಯರ್ಸ್ ತಂಡ ಅಂಥವರ ಕೋಶಗಳನ್ನು ಬಿಡಿಸಿ ನೋಡಿತು. 2001ರಲ್ಲೇ ಉತ್ತರ ಸಿಕ್ಕಿತು. ಬಿಸಿಆರ್-ಎಬಿಎಲ್ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ, ಔಷಧ ಕೂರಬೇಕಾದ ಜಾಗ ಮುಚ್ಚಿಹೋಗಿತ್ತು. ಕ್ಯಾನ್ಸರ್ ಇನ್ನೂ ಅದೇ ಪ್ರೋಟೀನಿನ ಮೇಲೆಯೇ ನಿಂತಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಡಸಾಟಿನಿಬ್ 2006ರಲ್ಲಿ, ನಿಲೋಟಿನಿಬ್ 2007ರಲ್ಲಿ, ಅತ್ಯಂತ ಮೊಂಡು ರೂಪಾಂತರವನ್ನೂ ತಡೆಯುವ ಪೊನಾಟಿನಿಬ್ 2012ರಲ್ಲಿ ಬಂದವು. ಮೊದಲ ಔಷಧಕ್ಕೆ 41 ವರ್ಷ. ಅದರ ಸೋಲು ಅರ್ಥವಾದ ಐದೇ ವರ್ಷಕ್ಕೆ ಎರಡನೆಯದು. ಕಾರಣ ತಿಳಿದ ಕಾಯಿಲೆಗೆ ಔಷಧ ಮಾಡುವುದು ಬೇರೆಯೇ ವೇಗದ ಕೆಲಸ. ಬಹುಪಾಲು ಕ್ಯಾನ್ಸರ್‌ಗಳು ಸಿಎಂಎಲ್‌ನಂತೆ ಒಂದೇ ಕಾರಣದ ಮೇಲೆ ನಿಂತಿಲ್ಲ. ಇಮಾಟಿನಿಬ್‌ನ ಯಶಸ್ಸು ಎಲ್ಲೆಡೆ ಹಾಗೆಯೇ ಮರುಕಳಿಸದಿರುವುದಕ್ಕೆ ಇದು ಮುಖ್ಯ ಕಾರಣ.

ಚೆನ್ನೈನಿಂದ ದೆಹಲಿಗೆ

ಭಾರತದ ರೋಗಿಗೆ ಔಷಧ ಇದ್ದರೆ ಸಾಲದು, ಕೈಗೆಟುಕಬೇಕು. ಪೇಟೆಂಟ್ ವ್ಯಾಜ್ಯದ ಕಾಲದಲ್ಲಿ ಗ್ಲಿವೆಕ್‌ನ ಬೆಲೆ ಇಲ್ಲಿ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಇತ್ತು. ಹೈದರಾಬಾದಿನ ನ್ಯಾಟ್ಕೋದಂಥ ಕಂಪನಿಗಳ ಜೆನೆರಿಕ್ ಆಗ ಸುಮಾರು 8ರಿಂದ 10 ಸಾವಿರಕ್ಕೆ ಸಿಗುತ್ತಿತ್ತು. ಇಮಾಟಿನಿಬ್ ಮೆಸಿಲೇಟ್‌ನ ಬೀಟಾ ಹರಳು ರೂಪಕ್ಕೆ ಪೇಟೆಂಟ್ ಬೇಕೆಂದು ನೋವಾರ್ಟಿಸ್ 1998ರಲ್ಲಿ ಅರ್ಜಿ ಹಾಕಿತ್ತು. ಕ್ಯಾನ್ಸರ್ ರೋಗಿಗಳ ನೆರವಿನ ಸಂಘವೊಂದು ಮತ್ತು ಜೆನೆರಿಕ್ ಕಂಪನಿಗಳು ಆಕ್ಷೇಪ ಎತ್ತಿದವು. ಚೆನ್ನೈನ ಪೇಟೆಂಟ್ ಕಚೇರಿ 2006ರಲ್ಲಿ ಅರ್ಜಿಯನ್ನು ತಿರಸ್ಕರಿಸಿತು. ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು.

2005ರಲ್ಲಿ ತಿದ್ದಿದ ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನ ಪ್ರಕಾರ ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ ಪೇಟೆಂಟ್ ಸಿಗಬೇಕಾದರೆ ಅದರ ಪರಿಣಾಮ ಹೆಚ್ಚಿರಬೇಕು. ಬೀಟಾ ಹರಳು 30 ಪ್ರತಿಶತ ಹೆಚ್ಚು ರಕ್ತಕ್ಕೆ ಸೇರುತ್ತದೆ ಎಂದು ಕಂಪನಿ ವಾದಿಸಿತು. ಔಷಧದ ವಿಷಯದಲ್ಲಿ ಪರಿಣಾಮ ಎಂದರೆ ಚಿಕಿತ್ಸೆಯ ಪರಿಣಾಮ, ರಕ್ತಕ್ಕೆ ಹೆಚ್ಚು ಸೇರಿದ್ದರಿಂದ ಕಾಯಿಲೆ ಹೆಚ್ಚು ಗುಣವಾಯಿತೆಂದು ತೋರಿಸಿಲ್ಲ ಎಂದು ನ್ಯಾಯಮೂರ್ತಿಗಳಾದ ಆಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ 2013ರ ಏಪ್ರಿಲ್ 1ರಂದು ತೀರ್ಪಿತ್ತರು. ಇಲ್ಲಿ ಗ್ಲಿವೆಕ್ ಪಡೆಯುವ ಬಹುತೇಕರಿಗೆ ಉಚಿತವಾಗಿಯೇ ಕೊಡುತ್ತಿದ್ದೇವೆ, ಇಂಥ ತೀರ್ಪಿನಿಂದ ಸಂಶೋಧನೆಗೆ ಉತ್ಸಾಹ ಕುಗ್ಗುತ್ತದೆ ಎಂದು ಕಂಪನಿ ಹೇಳಿತು. ಅದೇ ವರ್ಷ ಜಗತ್ತಿನ ನೂರಕ್ಕೂ ಹೆಚ್ಚು ಸಿಎಂಎಲ್ ತಜ್ಞರು ‘ಬ್ಲಡ್’ ಪತ್ರಿಕೆಯಲ್ಲಿ ಒಟ್ಟಾಗಿ ಬರೆದು, ಅಮೆರಿಕದಲ್ಲಿ ಇಮಾಟಿನಿಬ್‌ನ ವಾರ್ಷಿಕ ಬೆಲೆ ಸುಮಾರು 30 ಸಾವಿರ ಡಾಲರ್‌ನಿಂದ 2012ಕ್ಕೆ 92 ಸಾವಿರಕ್ಕೆ ಏರಿದ್ದನ್ನು ಪ್ರಶ್ನಿಸಿದರು. ಔಷಧ ಹಳೆಯದಾದಂತೆ ಬೆಲೆ ಮೂರು ಪಟ್ಟಾದದ್ದಕ್ಕೆ ಸಂಶೋಧನೆಯ ಖರ್ಚಿನ ಸಮಜಾಯಿಷಿ ಸಾಲುವುದಿಲ್ಲ.

ಬೆಲೆಯ ಪ್ರಶ್ನೆಗೆ ಭಾರತ ತನ್ನ ಉತ್ತರ ಕೊಟ್ಟಿತು. ಹೊಸ ಔಷಧವನ್ನು ನಾವೇ ಹುಟ್ಟಿಸುವ ಪ್ರಶ್ನೆ ಉಳಿದಿದೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆ ಕೂಡಿ ಬೆಳೆಸಿದ ನೆಕ್ಸ್‌ಕಾರ್-19 ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ದೊರೆಯಿತು. ರೋಗಿಯದೇ ಟಿ-ಕೋಶಗಳನ್ನು ತೆಗೆದು, ಕ್ಯಾನ್ಸರನ್ನು ಗುರುತಿಸುವಂತೆ ತಿದ್ದಿ, ಮತ್ತೆ ದೇಹಕ್ಕೆ ಸೇರಿಸುವ ವಿಧಾನವಿದು. ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಕಿರಣ್ ಮಜುಂದಾರ್ ಷಾ ಸಹಸಂಸ್ಥಾಪಕಿಯಾಗಿರುವ ಇಮ್ಯುನೀಲ್, ಬಾರ್ಸಿಲೋನಾದ ಆಸ್ಪತ್ರೆಯೊಂದರ ತಂತ್ರಜ್ಞಾನವನ್ನು ತಂದು ಇಲ್ಲಿಯೇ ಪ್ರಯೋಗ ನಡೆಸಿ 2025ರ ಜನವರಿಯಲ್ಲಿ ಇಂಥದೇ ಚಿಕಿತ್ಸೆಯನ್ನು ಹೊರತಂದಿತು. ಇವೆಲ್ಲ ಒಳ್ಳೆಯ ಆರಂಭಗಳು. ಆದರೆ ಇಮಾಟಿನಿಬ್‌ನ 41 ವರ್ಷಗಳಲ್ಲಿ ಮೊದಲ ಮೂವತ್ತು ಕಳೆದದ್ದು ಯಾವ ಕಂಪನಿಗೂ ಲಾಭ ತೋರದ ಕೆಲಸದಲ್ಲಿ: ಗಾಜಿನ ಪಟ್ಟಿ ತೊಳೆಯುವುದು, ಫೋಟೊ ಕತ್ತರಿಸುವುದು, ಇಲಿ ಸಾಕುವುದು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅಂಥ ಕೆಲಸಕ್ಕೆ ಸಂಬಳ ಕೊಡುವ ತಾಳ್ಮೆ ನಮಗಿರಬೇಕು. ಇಲ್ಲದಿದ್ದರೆ ಬೇರೆಯವರು ಹುಟ್ಟಿಸಿದ ಔಷಧದ ಬೆಲೆಗಾಗಿ ನ್ಯಾಯಾಲಯದಲ್ಲಿ ಹೋರಾಡುವುದಷ್ಟೇ ನಮ್ಮ ಪಾಲಿಗೆ ಬರುತ್ತದೆ.

ಟ್ರಯಲ್‌ಗೆ ಸೇರುವ ಮುನ್ನ

ಭಾರತದಲ್ಲಿ ಕ್ಲಿನಿಕಲ್ ಟ್ರಯಲ್‌ಗಳು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಡಿ ನಡೆಯುತ್ತವೆ. ಸಹಿ ಹಾಕುವ ಮೊದಲು ಇಷ್ಟನ್ನು ಕೇಳಿ ತಿಳಿದುಕೊಳ್ಳಿ:

• ಇದು ಯಾವ ಹಂತದ ಪ್ರಯೋಗ? ಮೊದಲ ಹಂತವಾದರೆ ನಿಮಗೆ ಗುಣವಾಗುವ ಭರವಸೆ ಕಡಿಮೆ; ಪ್ರಮಾಣ ಮತ್ತು ಸುರಕ್ಷತೆ ತಿಳಿಯುವುದೇ ಉದ್ದೇಶ.

• ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ (ಸಿಟಿಆರ್‌ಐ) ಇದು ದಾಖಲಾಗಿದೆಯೇ? ಇದರ ಸಂಖ್ಯೆ ಏನು? ನೋಂದಣಿ ಕಡ್ಡಾಯ, ಯಾರು ಬೇಕಾದರೂ ನೋಡಬಹುದು.

• ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿದೆಯೇ? ಕನ್ನಡದಲ್ಲಿ ಕೇಳುವುದು ನಿಮ್ಮ ಹಕ್ಕು. ಓದಲು ಬಾರದವರಿಗೆ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯ ಎದುರು ವಿವರಿಸಬೇಕು.

• ಪ್ರಯೋಗಕ್ಕೆ ಸೇರದಿದ್ದರೆ ಸಿಗುವ ಚಿಕಿತ್ಸೆ ಯಾವುದು? ಹೋಲಿಕೆಯ ಗುಂಪಿಗೆ ಬಿದ್ದರೆ ಏನು ಕೊಡುತ್ತಾರೆ?

• ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆಯ ವೆಚ್ಚ ಮತ್ತು ಪರಿಹಾರ ಯಾರ ಹೊಣೆ? ನೈತಿಕ ಸಮಿತಿಯನ್ನು ಸಂಪರ್ಕಿಸುವುದು ಹೇಗೆ? ಇವೆರಡೂ ಪತ್ರದಲ್ಲಿ ಬರೆದಿರಬೇಕು.

• ಯಾವಾಗ ಬೇಕಾದರೂ, ಕಾರಣ ಹೇಳದೆಯೂ ಹೊರಬರಬಹುದು. ಹೊರಬಂದರೆ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆಗೆ ಅಡ್ಡಿಯಾಗಬಾರದು.